ಜೀವಕೋಶದ ಅಂಚೆಯೂ ವಿಳಾಸ ತಪ್ಪಿದ ಕಿಣ್ವಗಳೂ



ಸಂಘದ ವಾರ್ಷಿಕ ಸಂಚಿಕೆಗೆ ಆರೋಗ್ಯ ಸಂಬಂಧವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಬಹಳ ಹಿಂಜರಿದೆ. ನಾನು ವಾಣಿಜ್ಯಶಾಸ್ತ್ರದ ಪದವೀಧರ. ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಲೆಕ್ಕಪತ್ರಗಳೊಡನೆ ಬಾಳಿದವನು. ವೈದ್ಯಶಾಸ್ತ್ರಕ್ಕೂ ನನಗೂ ಇರುವ ನಂಟೆಂದರೆ ವರ್ಷಕ್ಕೊಮ್ಮೆ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳುವುದಷ್ಟೇ. ಆದರೂ ಕೊನೆಗೆ ಒಪ್ಪಿಕೊಂಡೆ. ಅದಕ್ಕೆ ಕಾರಣ, ಕೆಲವು ವರ್ಷಗಳ ಹಿಂದೆ ಮಣಿನಗರದ ನಮ್ಮ ಮನೆಗೆ ಬಂದಿದ್ದ ಕಿರಿಯ ಸಹೋದ್ಯೋಗಿಯೊಬ್ಬರು ನನ್ನ ಮುಂದಿಟ್ಟ ಒಂದು ಪ್ರಶ್ನೆ.

ಅವರು ಉತ್ತರ ಕರ್ನಾಟಕದವರು. ಅವರ ಹೆಸರನ್ನಾಗಲಿ ಊರನ್ನಾಗಲಿ ನಾನು ಇಲ್ಲಿ ಹೇಳುವುದಿಲ್ಲ. ಅವರ ಒಪ್ಪಿಗೆಯನ್ನು ಪಡೆದೇ ಇಷ್ಟನ್ನು ಬರೆಯುತ್ತಿದ್ದೇನೆ. ಅವರ ಮೊದಲ ಮಗುವಿಗೆ ಆಗ ಒಂದೂವರೆ ವರ್ಷ. ಮಗು ಇನ್ನೂ ತಾನಾಗಿ ಕುಳಿತುಕೊಳ್ಳುತ್ತಿರಲಿಲ್ಲ. ತೋಳುಗಳನ್ನು ಮೇಲೆತ್ತಲು ಹೋದರೆ ಭುಜದ ಕೀಲು ಬಿಗಿಯುತ್ತಿತ್ತು, ಒಸಡು ದಪ್ಪಗಾಗಿತ್ತು, ಮುಖದ ಲಕ್ಷಣಗಳು ತಿಂಗಳಿಂದ ತಿಂಗಳಿಗೆ ಒರಟಾಗುತ್ತ ಬಂದಿದ್ದವು. ಮೊದಲು ತೋರಿಸಿದ ವೈದ್ಯರು, ಕೆಲವು ಮಕ್ಕಳು ತಡವಾಗಿ ಬೆಳೆಯುತ್ತವೆ, ಚಿಂತಿಸಬೇಡಿ ಎಂದು ಕಳುಹಿಸಿದ್ದರು. ಬೇರೊಬ್ಬರು ಸಂಶಯಪಟ್ಟು ವಿಶೇಷ ರಕ್ತಪರೀಕ್ಷೆಯನ್ನು ಮಾಡಿಸಿದರು. ಆ ಪರೀಕ್ಷೆಯ ವರದಿಯನ್ನೇ ಸಹೋದ್ಯೋಗಿಗಳು ಕೈಯಲ್ಲಿ ಹಿಡಿದು ತಂದಿದ್ದರು.

"ಸರ್, ಎಂಜೈಮು ಎಲ್ಲಾ ಹತ್ತು ಪಟ್ಟು ಜಾಸ್ತಿ ಅದಾವಂತ ಬರದಾರ್ರೀ. ಜಾಸ್ತಿ ಇದ್ರ ಛಲೋನ ಅಲ್ರೀ?" ಎಂದು ಕೇಳಿದರು.

ನನಗೆ ಉತ್ತರ ತಿಳಿದಿರಲಿಲ್ಲ. ಹೌದೆನ್ನುವ ಧೈರ್ಯವೂ ಬರಲಿಲ್ಲ, ಅಲ್ಲವೆನ್ನಲು ಮನಸ್ಸೂ ಬರಲಿಲ್ಲ. ಅಂದಿನಿಂದ ಕೆಲವು ತಿಂಗಳು ಸಿಕ್ಕ ಪುಸ್ತಕಗಳನ್ನು ಓದಿ, ಪರಿಚಿತ ವೈದ್ಯರನ್ನು ಪೀಡಿಸಿ, ನಾನು ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ.

ವಿಷಯಕ್ಕೆ ಬರುವ ಮುನ್ನ ನಮಗೆಲ್ಲ ಪರಿಚಿತವಾದ ಒಂದು ಸಂಖ್ಯೆಯನ್ನು ನೋಡೋಣ. ಮಣಿನಗರದ ಪಿನ್ ಕೋಡ್ 380008. ಇದರಲ್ಲಿ ಮೊದಲ ಅಂಕಿಯಾದ 3 ದೇಶದ ಪಶ್ಚಿಮ ವಲಯವನ್ನು ಸೂಚಿಸುತ್ತದೆ. ಮೊದಲ ಮೂರು ಅಂಕಿಗಳು ಸೇರಿದರೆ ಅಹಮದಾಬಾದಿನ ವಿಂಗಡಣಾ ಕೇಂದ್ರ. ಕೊನೆಯ ಮೂರು ಅಂಕಿಗಳು ಕಾಗದವನ್ನು ಬಟವಾಡೆ ಮಾಡುವ ಅಂಚೆ ಕಚೇರಿಯನ್ನು ತೋರಿಸುತ್ತವೆ. ಹುಬ್ಬಳ್ಳಿಯಲ್ಲಿ ಕಾಗದವನ್ನು ಡಬ್ಬಿಗೆ ಹಾಕಿದವರಿಗೆ ಮಣಿನಗರ ಎಲ್ಲಿದೆಯೆಂದು ಗೊತ್ತಿರಬೇಕಾಗಿಲ್ಲ. ಹಾದಿಯಲ್ಲಿ ವಿಂಗಡಿಸುವವರಿಗೂ ಪೂರ್ಣ ವಿಳಾಸ ಬೇಕಾಗಿಲ್ಲ. ಪ್ರತಿ ಹಂತದಲ್ಲಿಯೂ ಆ ಹಂತಕ್ಕೆ ಬೇಕಾದಷ್ಟು ಅಂಕಿಗಳನ್ನು ಓದಿದರೆ ಸಾಕು. ಈ ಪದ್ಧತಿಯನ್ನು ರೂಪಿಸಿದವರು ಕೇಂದ್ರ ಸಂಪರ್ಕ ಇಲಾಖೆಯಲ್ಲಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಎಂಬವರು. ಸಂಸ್ಕೃತ ವಿದ್ವಾಂಸರೂ ಕವಿಗಳೂ ಆಗಿದ್ದವರು. ಅದು ಜಾರಿಗೆ ಬಂದುದು 1972ರ ಆಗಸ್ಟ್ 15ರಂದು. ಈ ಇಸವಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಎರಡು ಸಲ ಬರಲಿದೆ.

ಬ್ಯಾಂಕಿನಲ್ಲಿಯೂ ಇದೇ ವ್ಯವಸ್ಥೆ. ಐ.ಎಫ್.ಎಸ್. ಸಂಕೇತದಲ್ಲಿ 11 ಅಕ್ಷರಗಳು: ಮೊದಲ ನಾಲ್ಕು ಬ್ಯಾಂಕಿಗೆ, ನಡುವೆ ಒಂದು ಸೊನ್ನೆ, ಕೊನೆಯ ಆರು ಶಾಖೆಗೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ವಡೋದರಾದ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದುದು ನಮ್ಮಲ್ಲಿ ಅನೇಕರಿಗೆ ಮನೆಯ ಸುದ್ದಿಯೇ. 2021ರ ಮಾರ್ಚ್ 1ರಿಂದ ಅದರ ಹಳೆಯ ಸಂಕೇತಗಳು ರದ್ದಾದವು. ಹಣ ಸರಿಯಿದ್ದರೂ, ಖಾತೆದಾರ ಅದೇ ಮನುಷ್ಯನಾಗಿದ್ದರೂ, ಸಂಕೇತ ತಪ್ಪಿದರೆ ಹಣ ಸೇರುವುದಿಲ್ಲ. ಲೆಕ್ಕದ ಮೊತ್ತ ತಾಳೆಯಾಗುತ್ತದೆ, ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನನ್ನ ಸಹೋದ್ಯೋಗಿಗಳ ಮಗುವಿನ ದೇಹದಲ್ಲಿ ನಡೆದುದು ಇದೇ ಬಗೆಯ ಸಂಗತಿ.

ನಮ್ಮ ಶರೀರದ ಪ್ರತಿಯೊಂದು ಜೀವಕೋಶವೂ ಒಂದು ಪಟ್ಟಣದಂತೆ. ಅದರಲ್ಲಿ ಪೊರೆಗಳಿಂದ ಬೇರ್ಪಟ್ಟ ಅನೇಕ ವಿಭಾಗಗಳಿವೆ. ವಂಶವಾಹಿಗಳ ದಫ್ತರವನ್ನು ಕಾಪಾಡುವ ಕೋಶಕೇಂದ್ರ, ಶಕ್ತಿಯನ್ನು ಒದಗಿಸುವ ಮೈಟೋಕಾಂಡ್ರಿಯಾ, ಸವೆದ ವಸ್ತುಗಳನ್ನು ಒಡೆದು ಮರಳಿ ಬಳಕೆಗೆ ಕೊಡುವ ಲೈಸೋಸೋಮುಗಳು, ಹೀಗೆ. ಇವುಗಳಲ್ಲಿ ದುಡಿಯುವ ಕೆಲಸಗಾರರೇ ಪ್ರೋಟೀನುಗಳು. ಅಮೈನೋ ಆಮ್ಲಗಳೆಂಬ 20 ಬಗೆಯ ಮಣಿಗಳನ್ನು ಒಂದರ ಮುಂದೊಂದು ಪೋಣಿಸಿದ ಸರಗಳಿವು. ರೈಬೋಸೋಮು ಎಂಬ ಪುಟ್ಟ ಯಂತ್ರಗಳಲ್ಲಿ ತಯಾರಾಗುತ್ತವೆ. ಆದರೆ ತಯಾರಾಗುವ ಸ್ಥಳ ಒಂದು, ಕೆಲಸ ಮಾಡಬೇಕಾದ ಸ್ಥಳ ಇನ್ನೊಂದು. ಹೊಸ ಪ್ರೋಟೀನಿಗೆ ತನ್ನ ಹಾದಿ ಹೇಗೆ ತಿಳಿಯುತ್ತದೆ?

ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟವರು ಗುಂಟರ್ ಬ್ಲೋಬೆಲ್. ಅವರು 1936ರಲ್ಲಿ ಅಂದಿನ ಜರ್ಮನಿಯ ಸೈಲೀಶಿಯಾ ಪ್ರಾಂತದ ವಾಲ್ಟರ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಜನಿಸಿದರು. ಆ ಪ್ರದೇಶ ಇಂದು ಪೋಲೆಂಡಿನಲ್ಲಿದೆ. 1945ರಲ್ಲಿ, ಯುದ್ಧದ ಕೊನೆಯ ತಿಂಗಳುಗಳಲ್ಲಿ, ಅವರ ಕುಟುಂಬ ಊರು ಬಿಟ್ಟು ಓಡಬೇಕಾಯಿತು. ಹಾದಿಯಲ್ಲಿ ಕಂಡ ಡ್ರೆಸ್ಡನ್ ನಗರದ ಸೌಂದರ್ಯಕ್ಕೆ ಬೆರಗಾದ ಆ ಬಾಲಕ, ಕೆಲವೇ ದಿನಗಳಲ್ಲಿ ಅದೇ ನಗರ ಬಾಂಬುಗಳಿಗೆ ತುತ್ತಾಗಿ ಉರಿದಾಗ ಆಕಾಶ ಕೆಂಪಾದುದನ್ನು ದೂರದಿಂದ ನೋಡಿದ. ಮುಂದೆ ಅಮೆರಿಕೆಗೆ ಹೋಗಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ನೆಲೆಸಿದರು. 1971ರಲ್ಲಿ ಡೇವಿಡ್ ಸಬಟಿನಿಯವರೊಡನೆ ಅವರು ಒಂದು ಊಹೆಯನ್ನು ಮಂಡಿಸಿದರು: ಕೋಶದಿಂದ ಹೊರಹೋಗಬೇಕಾದ ಪ್ರೋಟೀನಿನ ಮೊದಲ ತುದಿಯಲ್ಲಿಯೇ ಅದರ ವಿಳಾಸ ಬರೆದಿರುತ್ತದೆ ಎಂದು. ಅದಕ್ಕೆ ಆಗ ಬಲವಾದ ಆಧಾರವಿರಲಿಲ್ಲ.

ಮರುವರ್ಷವೇ, ಅಂದರೆ 1972ರಲ್ಲಿ, ಇಂಗ್ಲೆಂಡಿನಲ್ಲಿ ಸೀಸರ್ ಮಿಲ್‌ಸ್ಟೈನ್ ಮತ್ತು ಅವರ ಸಂಗಡಿಗರು ಒಂದು ವಿಚಿತ್ರವನ್ನು ಕಂಡರು. ರೋಗನಿರೋಧಕ ಪ್ರೋಟೀನಿನ ಒಂದು ಸರವನ್ನು ಪರೀಕ್ಷಾನಳಿಕೆಯಲ್ಲಿ ತಯಾರಿಸಿದಾಗ, ಕೋಶದಿಂದ ಹೊರಬರುವ ಅದೇ ಸರಕ್ಕಿಂತ ಅದು ಸ್ವಲ್ಪ ಉದ್ದವಾಗಿತ್ತು. ಆ ಹೆಚ್ಚಿನ ತುಂಡೇ ವಿಳಾಸ; ಊರು ಸೇರಿದ ಮೇಲೆ ಅದನ್ನು ಕತ್ತರಿಸಲಾಗುತ್ತದೆ, ಒಳಗೆ ಬಂದ ಪ್ರೇಕ್ಷಕನ ಟಿಕೆಟನ್ನು ಬಾಗಿಲಲ್ಲಿ ಹರಿದಂತೆ. 1975ರಲ್ಲಿ ಬ್ಲೋಬೆಲ್ ಮತ್ತು ಬರ್ನ್‌ಹಾರ್ಡ್ ಡಾಬರ್‌ಸ್ಟೈನ್ ಇದನ್ನು ಪ್ರಯೋಗಗಳಿಂದ ವಿಶದಪಡಿಸಿದರು. ಆ ತುಂಡಿಗೆ ಸಂಕೇತ ಸರಣಿ ಎನ್ನೋಣ. ಸಾಮಾನ್ಯವಾಗಿ 15ರಿಂದ 30 ಮಣಿಗಳಷ್ಟು ಉದ್ದ; ನಡುಭಾಗದಲ್ಲಿ ನೀರನ್ನು ಒಲ್ಲದ ಮಣಿಗಳ ಸಾಲು. ಸರದ ಈ ತುದಿ ರೈಬೋಸೋಮಿನಿಂದ ಇಣುಕಿದ ಕೂಡಲೇ ಅದನ್ನು ಗುರುತಿಸುವ ಒಂದು ಕಣ ಬಂದು ಅಂಟಿಕೊಳ್ಳುತ್ತದೆ, ಪೋಣಿಸುವ ಕೆಲಸವನ್ನು ಕ್ಷಣಕಾಲ ತಡೆಯುತ್ತದೆ, ಇಡೀ ಯಂತ್ರವನ್ನು ಕೋಶದೊಳಗಿನ ಪೊರೆಯ ಜಾಲಕ್ಕೆ ಕರೆದೊಯ್ದು ಅಲ್ಲಿನ ಒಂದು ರಂಧ್ರಕ್ಕೆ ಜೋಡಿಸುತ್ತದೆ. ಅನಂತರ ಸರವು ಬೆಳೆಬೆಳೆಯುತ್ತಲೇ ಜಾಲದೊಳಕ್ಕೆ ಇಳಿಯುತ್ತದೆ. ಕೋಶಕೇಂದ್ರಕ್ಕೆ, ಮೈಟೋಕಾಂಡ್ರಿಯಾಕ್ಕೆ ಹೋಗುವ ಪ್ರೋಟೀನುಗಳಿಗೆ ಬೇರೆ ಬೇರೆ ವಿಳಾಸಗಳಿವೆ. ಈ ಶೋಧನೆಗಾಗಿ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ಹಣವನ್ನು ಅವರು ಡ್ರೆಸ್ಡನ್ನಿನ ಪ್ರಾರ್ಥನಾ ಮಂದಿರಗಳ ಪುನರ್ನಿರ್ಮಾಣಕ್ಕೆ ಕೊಟ್ಟುಬಿಟ್ಟರು. 2018ರಲ್ಲಿ ನಿಧನ ಹೊಂದಿದರು.

ಸಿಹಿಮೂತ್ರ ರೋಗದ ವಾಚಕರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ (ದಾಲಿಗೂ ಬೆಲ್ಲ ಹಾಕುವ ಊರಿಗೆ ಬಂದು ಸೇರಿದ್ದೇವಲ್ಲ) ಇನ್ಸುಲಿನ್ನಿನ ಲೆಕ್ಕವನ್ನೂ ಕೊಡುತ್ತೇನೆ. ಅದು ಮೊದಲು ತಯಾರಾಗುವಾಗ 110 ಮಣಿಗಳ ಸರ. ಆರಂಭದ 24 ಮಣಿಗಳೇ ವಿಳಾಸ. ಜಾಲವನ್ನು ಸೇರಿದೊಡನೆ ಅವು ಕಳಚುತ್ತವೆ. ಉಳಿದ 86ರಲ್ಲಿ 51 ಇನ್ಸುಲಿನ್, 31 ಸಿ-ಪೆಪ್ಟೈಡ್ ಎಂಬ ತುಂಡು, ಬಾಕಿ 4 ಕತ್ತರಿಸುವಾಗ ಉದುರಿಹೋಗುತ್ತವೆ. ಲೆಕ್ಕ ಸರಿಹೊಂದಿತು. ದೇಹವು ಸ್ವಂತವಾಗಿ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತಿಳಿಯಲು ವೈದ್ಯರು ಸಿ-ಪೆಪ್ಟೈಡನ್ನು ಅಳೆಯುವುದು ಇದಕ್ಕಾಗಿಯೇ. ಸೂಜಿಯಿಂದ ಚುಚ್ಚಿಕೊಂಡ ಇನ್ಸುಲಿನ್ನಿನಲ್ಲಿ ಆ ತುಂಡು ಇರುವುದಿಲ್ಲ.

ಈಗ ಮಗುವಿನ ವರದಿಗೆ ಮರಳೋಣ. ಸಂಕೇತ ಸರಣಿಯು ಪಿನ್ ಕೋಡಿನ ಮೊದಲ ಅಂಕಿಗಳಿದ್ದಂತೆ. ಅದು ಪ್ರೋಟೀನನ್ನು ವಿಂಗಡಣಾ ಕೇಂದ್ರದ ಹಾದಿಗೆ ಹಚ್ಚುತ್ತದೆ. ಅಲ್ಲಿಂದ ಮುಂದೆ ಲೈಸೋಸೋಮಿಗೆ ಹೋಗಬೇಕಾದ ಸುಮಾರು 50-60 ಕಿಣ್ವಗಳಿಗೆ ಎರಡನೆಯ ಗುರುತು ಬೇಕು. ಆ ಗುರುತು ಮಣಿಗಳಿಂದ ಆದದ್ದಲ್ಲ. ಮ್ಯಾನೋಸ್ ಎಂಬ ಸಕ್ಕರೆಯ ಆರನೆಯ ಸ್ಥಾನಕ್ಕೆ ಅಂಟಿಸಿದ ಒಂದು ಫಾಸ್ಫೇಟ್ ಮುದ್ರೆ. ಕೋಶದ ವಿಂಗಡಣಾ ಕಚೇರಿಯಾದ ಗಾಲ್ಜಿ ಎಂಬ ಭಾಗದಲ್ಲಿ ಒಂದು ವಿಶೇಷ ಕಿಣ್ವ ಈ ಮುದ್ರೆಯನ್ನು ಒತ್ತುವ ಕೆಲಸವನ್ನು ಮಾಡುತ್ತದೆ. ಮುದ್ರೆಯನ್ನು ಗುರುತಿಸುವ ಗ್ರಾಹಕಗಳು ಕಿಣ್ವಗಳನ್ನು ಹಿಡಿದು ಲೈಸೋಸೋಮಿಗೆ ಮುಟ್ಟಿಸುತ್ತವೆ. ಮುದ್ರೆಯಿಲ್ಲದ ಸರಕಿನ ಗತಿಯೇನು? ಅಂಚೆಯಲ್ಲಾದರೆ ಅದು ಕಳುಹಿಸಿದವರಿಗೆ ಮರಳುತ್ತದೆ. ಕೋಶದಲ್ಲಿ ಹಾಗಲ್ಲ; ಅದು ನೇರವಾಗಿ ಕೋಶದ ಹೊರಕ್ಕೆ, ರಕ್ತಕ್ಕೆ, ಸಾಗಿಸಲ್ಪಡುತ್ತದೆ.

ಈ ಎರಡನೆಯ ಗುರುತು ಬೆಳಕಿಗೆ ಬಂದುದು ಕಾಯಿಲೆಯ ಮಕ್ಕಳಿಂದಲೇ. 1967ರಲ್ಲಿ ಜೂಲ್ಸ್ ಲೆರಾಯ್ ಮತ್ತು ರಾಬರ್ಟ್ ಡಿಮಾರ್ಸ್ ಎಂಬವರು ಇಂತಹ ಮಕ್ಕಳ ಚರ್ಮದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅವು ಕಪ್ಪು ಕಣಗಳಿಂದ ಕಿಕ್ಕಿರಿದು ತುಂಬಿದ್ದವು. ಜೀರ್ಣವಾಗದೆ ಉಳಿದ ಕಸ ಅದು. ಆ ಕಣಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರದಿಂದ ಇದಕ್ಕೆ 'ಐ-ಸೆಲ್ ರೋಗ'ವೆಂದು ಹೆಸರಾಯಿತು. ಕೋಶದೊಳಗೆ ಒಂದಲ್ಲ, ಹಲವಾರು ಕಿಣ್ವಗಳು ಕಡಿಮೆ. ಕೋಶಗಳು ತೇಲುವ ದ್ರವದಲ್ಲಿ ಮಾತ್ರ ಅವೇ ಕಿಣ್ವಗಳು ಧಾರಾಳ. ಕೋಶದ ಪೊರೆ ಸೋರುತ್ತಿದೆಯೆಂದು ಭಾವಿಸುವುದು ಸಹಜವಾಗಿತ್ತು.

ಪಿನ್ ಕೋಡು ಬಂದ ಅದೇ 1972ರಲ್ಲಿ ಅಮೆರಿಕೆಯ ಎಲಿಜಬೆತ್ ನ್ಯೂಫೆಲ್ಡ್ ಮತ್ತು ಸ್ಕಾಟ್ ಹಿಕ್‌ಮನ್ ಒಂದು ಸರಳವೂ ಸೊಗಸೂ ಆದ ಪರೀಕ್ಷೆಯನ್ನು ಮಾಡಿದರು. ಆರೋಗ್ಯವಂತರ ಕೋಶಗಳು ಹೊರಬಿಟ್ಟ ಕಿಣ್ವವನ್ನು ರೋಗಿಯ ಕೋಶಗಳಿಗೆ ಕೊಟ್ಟರು; ಅವು ಸಲೀಸಾಗಿ ಒಳಗೆ ತೆಗೆದುಕೊಂಡವು. ಅನಂತರ ರೋಗಿಯ ಕೋಶಗಳು ಹೊರಬಿಟ್ಟ ಕಿಣ್ವವನ್ನು ಬೇರೆ ಕೋಶಗಳಿಗೆ ಕೊಟ್ಟರು. ಅವು ಅದನ್ನು ಸ್ವೀಕರಿಸಲಿಲ್ಲ. ಅಂದಮೇಲೆ ದೋಷವಿರುವುದು ಪೊರೆಯಲ್ಲಲ್ಲ, ಕಿಣ್ವದ ಮೇಲಿರಬೇಕಾದ ಯಾವುದೋ ಗುರುತಿನಲ್ಲಿ. ಬಾಗಿಲು ಸರಿಯಾಗಿಯೇ ಇದೆ, ಬಂದವನ ಬಳಿ ಚೀಟಿ ಇಲ್ಲ. ಆ ಚೀಟಿ ಮ್ಯಾನೋಸ್ ಫಾಸ್ಫೇಟ್ ಎಂಬುದು 1977ರಲ್ಲಿ ವಿಲಿಯಂ ಸ್ಲೈ ಅವರ ತಂಡದಿಂದ ತಿಳಿಯಿತು. ಮುದ್ರೆ ಒತ್ತುವ ಕಿಣ್ವವೇ ಈ ರೋಗಿಗಳಲ್ಲಿ ಇಲ್ಲವೆಂಬುದು 1981ರಲ್ಲಿ ಖಚಿತವಾಯಿತು. ನಾನು ಓದಿದುದರಲ್ಲೆಲ್ಲ ನನಗೆ ಅತ್ಯಂತ ಮೆಚ್ಚಿಗೆಯಾದುದು ನ್ಯೂಫೆಲ್ಡ್ ಅವರ ಆ ಅದಲುಬದಲಿನ ಪರೀಕ್ಷೆಯೇ. ಲೆಕ್ಕಪರಿಶೋಧಕರು ಕೂಡ ಅಷ್ಟು ಚೊಕ್ಕವಾಗಿ ತಪ್ಪನ್ನು ಹಿಡಿಯಲಾರರು.

ಆದ್ದರಿಂದ ಸಹೋದ್ಯೋಗಿಗಳ ಪ್ರಶ್ನೆಗೆ ಉತ್ತರವಿದು: ಈ ಕಾಯಿಲೆಯಲ್ಲಿ ರಕ್ತದ ದ್ರವದೊಳಗೆ ಲೈಸೋಸೋಮಿನ ಕಿಣ್ವಗಳು ಐದರಿಂದ ಇಪ್ಪತ್ತು ಪಟ್ಟು ಏರಿರುತ್ತವೆ, ಏಕೆಂದರೆ ಅವು ಕೆಲಸದ ಸ್ಥಳವನ್ನು ತಲುಪಿಲ್ಲ. ರಕ್ತದಲ್ಲಿ ಹೆಚ್ಚೆಂದರೆ ಕೋಶದೊಳಗೆ ಬರಿದು. ನಾನು ಇದನ್ನು ಅವರಿಗೆ ಹೇಳುವಾಗ ಅವರು ವರದಿಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು, ಏನೂ ಮಾತನಾಡಲಿಲ್ಲ.

ವಿಳಾಸ ತಪ್ಪುವ ಇನ್ನೊಂದು ಬಗೆಯೂ ಉಂಟು. ಯಕೃತ್ತಿನಲ್ಲಿ ಪೆರಾಕ್ಸಿಸೋಮು ಎಂಬ ವಿಭಾಗಕ್ಕೆ ಹೋಗಬೇಕಾದ ಒಂದು ಕಿಣ್ವ ಕೆಲವರಲ್ಲಿ ಮೈಟೋಕಾಂಡ್ರಿಯಾಕ್ಕೆ ಹೋಗಿಬಿಡುತ್ತದೆಂದು 1989ರಲ್ಲಿ ಕ್ರಿಸ್ಟೋಫರ್ ಡ್ಯಾನ್‌ಪ್ಯೂರ್ ತಂಡದವರು ತೋರಿಸಿದರು. ಕಿಣ್ವಕ್ಕೆ ಕೆಲಸ ಗೊತ್ತಿದೆ, ಆದರೆ ತಪ್ಪು ಶಾಖೆಯಲ್ಲಿ ಕುಳಿತಿದೆ. ಫಲವಾಗಿ ಆಕ್ಸಲೇಟು ಹೆಚ್ಚಿ ಎಳೆಯ ವಯಸ್ಸಿನಲ್ಲೇ ಮೂತ್ರಪಿಂಡಗಳಲ್ಲಿ ಕಲ್ಲುಗಳಾಗುತ್ತವೆ. ಗುಜರಾತಿನ ಬಿಸಿಲಿನಲ್ಲಿ ನಮಗೆ ಬರುವ ಕಲ್ಲುಗಳೆಲ್ಲ ಇದರಿಂದಲೆಂದು ಯಾರೂ ಹೆದರಬೇಕಾಗಿಲ್ಲ. ಇದು ಅತಿ ವಿರಳ, ನೀರು ಕಡಿಮೆ ಕುಡಿಯುವುದು ಅತಿ ಸಾಮಾನ್ಯ. ಆದರೆ ಚಿಕ್ಕ ಮಗುವಿಗೆ ಮತ್ತೆ ಮತ್ತೆ ಕಲ್ಲಾದರೆ ವೈದ್ಯರಲ್ಲಿ ಈ ಮಾತನ್ನು ಎತ್ತಬೇಕು.

ಇನ್ನು ನಮ್ಮ ಜನರಿಗೆ ತೀರ ಹತ್ತಿರವಾದ ವಿಷಯ. ನನ್ನ ಸಹೋದ್ಯೋಗಿಗಳ ಪತ್ನಿ ಅವರ ಅಕ್ಕನ ಮಗಳು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಅಗ್ಗಳಿಕೆಯ ಸಂಬಂಧ; ಮಗಳು ಅಜ್ಜಿಯ ಮನೆಗೇ ಸೊಸೆಯಾಗಿ ಹೋಗುವಳೆಂಬ ನೆಮ್ಮದಿ. ಇಲ್ಲಿನವರಿಗೆ ಇದು ಅರ್ಥವಾಗುವುದಿಲ್ಲ. ನಮ್ಮ ಗುಜರಾತಿ ಮನೆಯೊಡೆಯರಿಗೆ ನಾನೊಮ್ಮೆ ಈ ಪದ್ಧತಿಯನ್ನು ವಿವರಿಸಿದಾಗ ಅವರು ಚಹದ ಬಟ್ಟಲನ್ನು ಕೆಳಗಿಟ್ಟು, ಮಾಮಾ ಎಂದರೆ ತಾಯಿಯ ತಮ್ಮನೇ ತಾನೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಐ-ಸೆಲ್ ರೋಗ ಬರಬೇಕಾದರೆ ಮುದ್ರೆಯ ಕಿಣ್ವದ ವಂಶವಾಹಿಯ ಎರಡು ಪ್ರತಿಗಳೂ ಕೆಟ್ಟಿರಬೇಕು, ತಂದೆಯಿಂದ ಬಂದದ್ದೂ ತಾಯಿಯಿಂದ ಬಂದದ್ದೂ. ಒಂದೇ ಪ್ರತಿ ಕೆಟ್ಟವರು ಪೂರ್ಣ ಆರೋಗ್ಯವಂತರು. ಅವರಿಗೆ ಅದರ ಸುಳಿವೂ ಇರುವುದಿಲ್ಲ. ಬಡ್ಡಿಯ ಲೆಕ್ಕಕ್ಕಿಂತ ಇದು ಸುಲಭ. ಸೋದರಮಾವನಲ್ಲಿ ಅಂತಹ ಒಂದು ಪ್ರತಿ ಇದೆಯೆಂದು ಇಟ್ಟುಕೊಳ್ಳೋಣ. ಅದು ಅವನ ಅಕ್ಕನಲ್ಲಿಯೂ ಇರುವ ಸಂಭವ ಅರ್ಧ. ಅಕ್ಕನ ಮಗಳಿಗೆ ಬಂದಿರುವ ಸಂಭವ ಅದರ ಅರ್ಧ, ಎಂದರೆ ಕಾಲು. ಇಬ್ಬರಲ್ಲಿಯೂ ಇದ್ದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಒಟ್ಟಿಗೆ ಹದಿನಾರರಲ್ಲಿ ಒಂದು. ಅತ್ತೆಯ ಮಗಳೋ ಮಾವನ ಮಗಳೋ ಆದರೆ ಮೂವತ್ತೆರಡರಲ್ಲಿ ಒಂದು. ಸಂಬಂಧವಿಲ್ಲದ ಹೆಣ್ಣಾದರೆ ಈ ಸಂಭವ ಇವೆರಡಕ್ಕಿಂತಲೂ ಬಹಳ ಕೆಳಗಿಳಿಯುತ್ತದೆ. ಕೆಟ್ಟ ಪ್ರತಿ ಮೊದಲೇ ಇಲ್ಲದ ಮನೆತನದಲ್ಲಿ ಸೋದರಿಕೆಯ ಮದುವೆಯಿಂದ ಈ ರೋಗದ ಭಯವಿಲ್ಲ. ನಮ್ಮ ಅಜ್ಜ ಅಜ್ಜಿಯರು ಹೀಗೆಯೇ ಮದುವೆಯಾಗಿ ಆರೋಗ್ಯದ ಮಕ್ಕಳನ್ನು ಹೆತ್ತರು. ಕಷ್ಟವೆಂದರೆ ಪ್ರತಿ ಕೆಟ್ಟಿದೆಯೇ ಇಲ್ಲವೇ ಎಂಬುದು ಹೊರಗೆ ಕಾಣುವುದಿಲ್ಲ.

1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಹವಿಜ್ಞಾನಿಗಳು ಕರ್ನಾಟಕದ ನವಜಾತ ಶಿಶುಗಳನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ, ತಂದೆತಾಯಿಯರ ಮದುವೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ರಕ್ತಸಂಬಂಧದೊಳಗಿನದೆಂದು ಕಂಡುಬಂದಿತ್ತು. ಹಾಗೆಂದು ಗುಜರಾತಿಗಳು ನಿಶ್ಚಿಂತರೇನಲ್ಲ. ಅಹಮದಾಬಾದಿನ ಫ್ರಿಜ್ ಮಾನವ ತಳಿವಿಜ್ಞಾನ ಸಂಸ್ಥೆಯ ಡಾ. ಜಯೇಶ್ ಶೇಠ್ ಮತ್ತು ಸಂಗಡಿಗರು ಲೈಸೋಸೋಮಿನ ಕಾಯಿಲೆಗಳಿದ್ದ 387 ಮಕ್ಕಳ ಅನುಭವವನ್ನು 2014ರಲ್ಲಿ ಪ್ರಕಟಿಸಿದ್ದಾರೆ. ಟೇ-ಸ್ಯಾಕ್ಸ್ ಎಂಬ ಇಂತಹುದೇ ಕಾಯಿಲೆಗೆ ಕಾರಣವಾದ ಒಂದೇ ದೋಷ ಗುಜರಾತಿನ ಹಲವು ಕುಟುಂಬಗಳಲ್ಲಿ ಮರುಕಳಿಸುವುದನ್ನೂ ಅವರು ತೋರಿಸಿದ್ದಾರೆ. ಚಿಕ್ಕ ಸಮುದಾಯದೊಳಗೇ ತಲೆತಲಾಂತರದಿಂದ ಮದುವೆ ನಡೆದರೆ ಮಾವನ ನಂಟಿಲ್ಲದೆಯೂ ಇದೇ ಫಲ ಬರಬಹುದು.

ಆ ತಾಯಿಯನ್ನು ಊರಿನವರು ದೂರಿದರು. ಬಸಿರಿನಲ್ಲಿ ಗ್ರಹಣ ನೋಡಿದಳೆಂದರು, ಹರಕೆ ತೀರಿಸಲಿಲ್ಲವೆಂದರು. ದೋಷದ ಪ್ರತಿ ಗಂಡ ಹೆಂಡತಿ ಇಬ್ಬರಿಂದಲೂ ಒಂದೊಂದರಂತೆ ಬಂದುದೆಂದು ಪರೀಕ್ಷೆಯ ಕಾಗದ ಬಂದ ಮೇಲೆಯೇ ಆ ಮಾತು ನಿಂತಿತು. ಇಬ್ಬರಿಗೂ ಒಬ್ಬರೇ ಹಿರಿಯರಿಂದ, ಎಂದರೆ ದೂರುತ್ತಿದ್ದವರ ಮನೆಯಿಂದಲೇ, ಬಂದುದು ಅದು.

ಚಿಕಿತ್ಸೆಯ ವಿಷಯ ಸಂಕ್ಷಿಪ್ತವಾಗಿ ಹೇಳುತ್ತೇನೆ. ಒಂದೇ ಕಿಣ್ವದ ಕೊರತೆಯಿರುವ ಕೆಲವು ಲೈಸೋಸೋಮ್ ಕಾಯಿಲೆಗಳಿಗೆ ಕಿಣ್ವವನ್ನೇ ಮ್ಯಾನೋಸ್ ಮುದ್ರೆಯೊಡನೆ ತಯಾರಿಸಿ ರಕ್ತನಾಳದ ಮೂಲಕ ಕೊಡುತ್ತಾರೆ. ಕೋಶದ ಹೊರಮೈಯಲ್ಲಿರುವ ಗ್ರಾಹಕಗಳು ಮುದ್ರೆಯನ್ನು ಗುರುತಿಸಿ ಒಳಗೆ ಸೇರಿಸುತ್ತವೆ. ಬಹಳ ದುಬಾರಿ. ಕೇಂದ್ರ ಸರ್ಕಾರದ 2021ರ ವಿರಳ ರೋಗಗಳ ನೀತಿಯಂತೆ ನಿಗದಿತ ಕೇಂದ್ರಗಳ ಮೂಲಕ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವು ದೊರೆಯಲು ಅವಕಾಶವಿದೆ; ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಅವುಗಳಲ್ಲೊಂದು. ಐ-ಸೆಲ್ ರೋಗಕ್ಕೆ ಮಾತ್ರ ಈ ಉಪಾಯ ಸಾಲದು. ಒಂದು ಕಿಣ್ವವಲ್ಲ, ಐವತ್ತು ಕಿಣ್ವಗಳ ಮುದ್ರೆಯೇ ಇಲ್ಲವಾಗಿರುವಾಗ ಎಷ್ಟನ್ನೆಂದು ಹೊರಗಿನಿಂದ ತುಂಬುವುದು? ಸೋಂಕು ಬಂದಾಗ ಔಷಧ, ಕೀಲುಗಳಿಗೆ ವ್ಯಾಯಾಮ, ಹೃದಯದ ತಪಾಸಣೆ, ಇಷ್ಟೇ ಸಾಧ್ಯ.

ಆ ಮಗು ಮೂರನೆಯ ಹುಟ್ಟುಹಬ್ಬದ ಮಾರನೆಯ ತಿಂಗಳು ನ್ಯುಮೋನಿಯಾದಿಂದ ತೀರಿಕೊಂಡಿತು.

ಎರಡನೆಯ ಬಸಿರಿಗೆ ಮೊದಲೇ ದಂಪತಿಗಳು ತಳಿ ಸಲಹೆಗಾರರನ್ನು ಕಂಡರು. ಮೊದಲ ಮಗುವಿನ ವಂಶವಾಹಿಯ ದೋಷ ಯಾವುದೆಂದು ಬರಹದಲ್ಲಿ ಇದ್ದುದರಿಂದ ಮುಂದಿನ ಕೆಲಸ ಸುಗಮವಾಯಿತು. (ವಾಚಕರಲ್ಲಿ ಯಾರ ಮನೆಯಲ್ಲಾದರೂ ಇಂತಹ ಮಗುವಿದ್ದರೆ, ಮಗು ಇರುವಾಗಲೇ ಈ ಪರೀಕ್ಷೆಯನ್ನು ಮಾಡಿಸಿ ಕಾಗದವನ್ನು ಕಾಪಾಡಬೇಕು. ಅನಂತರ ಹುಡುಕುವುದು ಬಲು ಕಷ್ಟ.) ಬಸಿರಿನ 12ನೆಯ ವಾರದಲ್ಲಿ ಮಾಸಿನಿಂದ ಚೂರು ಅಂಶವನ್ನು ತೆಗೆದು ಪರೀಕ್ಷಿಸಿದರು. ಫಲಿತಾಂಶ ಬರುವವರೆಗಿನ ದಿನಗಳಲ್ಲಿ ಅವರು ಕೌಂಟರಿನಲ್ಲಿ ಎರಡು ಸಲ ನಗದು ಲೆಕ್ಕ ತಪ್ಪಿದರು; ನಾನು ಕುಳಿತು ಸರಿಮಾಡಿದೆ.

ಒಂದು ಪ್ರತಿ ಸರಿ, ಒಂದು ಪ್ರತಿ ದೋಷ ಎಂದು ವರದಿಯಲ್ಲಿ ಬರೆದಿತ್ತು. ಈ ಬಾರಿ ಅವರು ನನ್ನನ್ನು ಏನೂ ಕೇಳಲಿಲ್ಲ. "ನಮ್ಮಂಗ ಐತ್ರೀ ಸರ್, ಆರಾಮ ಇರ್ತದ" ಎಂದು ಅವರೇ ನನಗೆ ವಿವರಿಸಿದರು. ಆ ಹುಡುಗಿ ಕಳೆದ ಯುಗಾದಿಯಂದು ನಮ್ಮ ಸಂಘದ ಸಭಾಂಗಣದಲ್ಲಿ ಕುರ್ಚಿಯಿಂದ ಕುರ್ಚಿಗೆ ಓಡಾಡಿ ಭಾಷಣಕಾರರ ಗಮನವನ್ನೆಲ್ಲ ಸೆಳೆದಳು. ಅವಳ ವರದಿಯ ಮೂಲ ಪ್ರತಿಯನ್ನು ತಂದೆ ನಮ್ಮ ಶಾಖೆಯ ಲಾಕರಿನಲ್ಲಿ ಇಟ್ಟಿದ್ದಾರೆ, ಅವಳ ಮದುವೆಯ ಮಾತು ಬಂದಾಗ ಬೇಕಾಗುತ್ತದೆಂದು.